ನಡುವೆ ಜಾಗ ಬಿಟ್ಟ ಬ್ಯಾನರ್

ನಮ್ಮ ಭಾವನಿಗೆ ಮರೆವು ಎಂಬುದೇ ಇಲ್ಲ. ಈ ವಿಷಯ ನಮಗೆ ತಿಳಿಸಿದವರು ಸ್ವತಃ ಭಾವನೇ. ತಿಳಿಸಿದ್ದು ಮರೆತುಹೋಗಿ ಮತ್ತೆ ಮತ್ತೆ ತಿಳಿಸುತ್ತಲೂ ಇದ್ದರು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸರ್ಕಾರಿ ಸಭಾಂಗಣವಿದೆ. ವರ್ಷವಿಡೀ ಬರುವ ಜಾಗೃತಿ ದಿನಗಳನ್ನು ಅಲ್ಲಿ ಆಚರಿಸುವುದು ಭಾವನ ಉದ್ಯೋಗ. ಪಕ್ಕದ ಸಣ್ಣ ಕೋಣೆಯಲ್ಲಿ ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ಬೀದಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ನಾನು ಮೈಕ್ ಸೆಟ್ಟಿನವನು. ಯಾರ ಭಾಷಣವಾದರೂ ವೇದಿಕೆಯ ಮೂಲೆಯಲ್ಲಿ ಆಂಪ್ಲಿಫೈಯರ್ ಹಿಂದೆ ಕೂತಿರುವವನು ನಾನೇ. ಆದ್ದರಿಂದ ಇಲ್ಲಿ ಹೇಳುವುದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ ಕೇಳಿಸಿಕೊಂಡಿದ್ದೇನೆ.

ಭಾವ ಯಾವ ದಿನವನ್ನೂ ಕಾಟಾಚಾರಕ್ಕೆ ಆಚರಿಸಿದವರಲ್ಲ. ಕೈ ತೊಳೆಯುವ ದಿನ ಬಾಗಿಲಲ್ಲೇ ಬಕೆಟ್ ಇಟ್ಟುಕೊಂಡು ನಿಂತು, ಮುಖ್ಯ ಅತಿಥಿಯ ಕೈಯನ್ನು ಗಡಿಯಾರದ ಸಮೇತ ತೊಳೆದು ಒಳಗೆ ಬಿಟ್ಟರು. ಶಬ್ದಮಾಲಿನ್ಯ ತಡೆಯುವ ದಿನ ನನ್ನಲ್ಲಿದ್ದ ಸ್ಪೀಕರುಗಳನ್ನೆಲ್ಲ ಕಟ್ಟಿಸಿ, ಅಕ್ಕಪಕ್ಕದ ಬೀದಿಗಳ ಕಿವಿ ತೂತಾಗುವಂತೆ ಮೌನದ ಮಹತ್ವ ಸಾರಿದರು. ನಿದ್ರೆಯ ದಿನ ಅವರ ಭಾಷಣಕ್ಕೆ ಇಡೀ ಸಭೆ ಮಲಗಿಬಿಟ್ಟಿತು. ಅದನ್ನು ಅವರು ಕಾರ್ಯಕ್ರಮದ ಯಶಸ್ಸು ಎಂದೇ ಮೇಲಿನವರಿಗೆ ವರದಿ ಮಾಡಿದರು.

ಇಷ್ಟೆಲ್ಲ ದಿನಗಳನ್ನು ಅವರು ಎಲ್ಲಿಯೂ ಬರೆದಿಟ್ಟುಕೊಂಡವರಲ್ಲ. ಯಾರಾದರೂ ಪೆನ್ನು ಕೊಡಲು ಹೋದರೆ ಅವಮಾನವಾದಂತೆ ನೋಡುತ್ತಿದ್ದರು. "ಬರ್ಕೊಳ್ಳೋದು ತಲೆ ಇಲ್ದೋರು ಕಣೋ. ನಂಗೆ ಎಲ್ಲಾ ಇಲ್ಲಿದೆ" ಎಂದು ಹಣೆಗೆ ಬೆರಳಿನಿಂದ ಬಡಿದುಕೊಳ್ಳುತ್ತಿದ್ದರು. ಬಡಿದು ಬಡಿದು ಆ ಜಾಗಕ್ಕೆ ಒಂದು ಹೊಳಪೇ ಬಂದಿತ್ತು.

ಕೊರತೆ ಇದ್ದದ್ದು ಒಂದೇ, ಜನರದ್ದು. ಸಭೆಗೆ ಯಾರೂ ಬರುತ್ತಿರಲಿಲ್ಲ. ನಿವೃತ್ತ ಹೆಡ್‌ಮೇಷ್ಟ್ರು ಫ್ಯಾನಿನ ಗಾಳಿಗೆ ಬರುತ್ತಿದ್ದರು. ಎದುರಿನ ಕಟಿಂಗ್ ಶಾಪಿನವನು ಚಹಾ ಕೊಡುವ ಹೊತ್ತು ನೋಡಿಕೊಂಡು ಬರುತ್ತಿದ್ದ. ಉಳಿದಂತೆ ಅಕ್ಕನ ಹೊಲಿಗೆ ಹುಡುಗಿಯರು. ಅವರನ್ನು ಅಕ್ಕ ಒಳಗೆ ಕೂರಿಸಿ, ಎದ್ದು ಹೋಗದಂತೆ ಬಾಗಿಲಿಗೆ ಅಡ್ಡ ತಾನೇ ಕೂರುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಸಭಾಂಗಣದ ಮ್ಯಾನೇಜರು ಮುಖ ಸಪ್ಪಗೆ ಮಾಡಿಕೊಂಡು ಬಂದರು.

"ನಾಳೆ ನಮ್ಮ ಇಲಾಖೆ ನಿರ್ದೇಶಕಿಯವರೇ ಕಾರ್ಯಕ್ರಮಕ್ಕೆ ಬರ್ತಾರಂತೆ. ಹಾಲ್ ತುಂಬಿದ್ರೆ ಬಚಾವ್. ಇಲ್ದಿದ್ರೆ ಇದನ್ನ ಗೋದಾಮು ಮಾಡಿ, ಎಲ್ಲಾ ಆಫೀಸುಗಳ ಮುರಿದ ಕುರ್ಚಿ, ಮೇಜು ತಂದು ತುಂಬ್ತಾರಂತೆ" ಎಂದರು.

"ಹಾಗಾದ್ರೆ ನಾನು?" ಎಂದರು ಭಾವ.

"ನೀವು ಅದಕ್ಕೆ ಕಾವಲು."

"ನನ್ನ ಕ್ಲಾಸು?" ಎಂದಳು ಅಕ್ಕ.

ಮ್ಯಾನೇಜರು ತಮ್ಮ ಬೂಟು ನೋಡಿಕೊಂಡರು. ಆ ಕೋಣೆಯ ಒಂದೊಂದು ಹೊಲಿಗೆ ಮಿಷನ್ನನ್ನೂ ಅಕ್ಕ ಎಲ್ಲೆಲ್ಲಿಂದಲೋ ಕೇಳಿ ತಂದು, ಎಣ್ಣೆ ಬಿಟ್ಟು, ಬದುಕಿಸಿಕೊಂಡವಳು. ಇನ್ನು ಅವುಗಳ ಮೇಲೆ ಮುರಿದ ಮೇಜು ಪೇರಿಸುತ್ತಾರೆ. ಭಾವ ಮಾತ್ರ ಎದೆ ಉಬ್ಬಿಸಿ, "ನಾನಿರೋವಾಗ ನಿಂಗೇನು ಯೋಚನೆ?" ಎಂದರು. ಅಕ್ಕನ ಯೋಚನೆಯೇ ಅದಾಗಿತ್ತು.

ಅಷ್ಟರಲ್ಲಿ ಪ್ರಧಾನ ಕಚೇರಿಯಿಂದ ಫೋನು ಬಂತು. ನಾಳೆ ಆಚರಿಸಬೇಕಾದ್ದು ಯಾವ ದಿನ ಎಂದು ಅಲ್ಲಿನ ಗುಮಾಸ್ತೆ ಸ್ಪಷ್ಟವಾಗಿ ಹೇಳಿದರು. "ಬರ್ಕೊಳ್ತೀರಾ ಸಾರ್?" ಎಂದೂ ಕೇಳಿದರು. "ಮೇಡಂ, ನಾನು ಬರ್ಕೊಳ್ಳೋನಲ್ಲ" ಎಂದು ಭಾವ ನಕ್ಕು ಫೋನಿಟ್ಟರು. ಮನೆಗೆ ಬರುವ ದಾರಿಯಲ್ಲಿ ಕಟಿಂಗ್ ಶಾಪಿನವನು ತಡೆದು, ಹೊಸ ಕನ್ನಡಿ ಓರೆಯಾಗಿದೆಯೋ ಗೋಡೆಯೇ ಓರೆಯೋ ಎಂದು ಅಭಿಪ್ರಾಯ ಕೇಳಿದ. ಭಾವ ವಿಸ್ತಾರವಾಗಿ ಅಭಿಪ್ರಾಯ ಕೊಟ್ಟರು. ಕೊಟ್ಟು ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ತಲೆಯಲ್ಲಿ ಕನ್ನಡಿ ಇತ್ತು, ಗೋಡೆ ಇತ್ತು, ದಿನ ಇರಲಿಲ್ಲ.

ಮನೆಯಲ್ಲಿ ಬ್ಯಾನರ್ ಬರೆಯುವ ಪೇಂಟರ್ ಬಟ್ಟೆ ಹಾಸಿಕೊಂಡು ಕಾಯುತ್ತಿದ್ದ. ಒಂದು ತುದಿಯಲ್ಲಿ 'ವಿಶ್ವ' ಎಂದೂ ಇನ್ನೊಂದು ತುದಿಯಲ್ಲಿ 'ದಿನಾಚರಣೆ' ಎಂದೂ ಆಗಲೇ ಬರೆದಾಗಿತ್ತು. ಅವನ ಕೆಲಸದ ಕ್ರಮವೇ ಹಾಗೆ, ಖಚಿತವಾದದ್ದನ್ನು ಮೊದಲು ಬರೆಯುವುದು.

"ಸಾರ್, ನಡುವೆ ಏನು ಬರೀಲಿ?"

ಭಾವ ಬಟ್ಟೆ ನೋಡಿದರು, ಚಾವಣಿ ನೋಡಿದರು, ಹಣೆಗೆ ಬಡಿದುಕೊಂಡರು. ಒಳಗಿನಿಂದ ಯಾರೂ ಓಗೊಡಲಿಲ್ಲ.

"ನಡುವೆ ಜಾಗ ಬಿಡು" ಎಂದರು ಗಂಭೀರವಾಗಿ.

"ಜಾಗ ಬಿಡೋದಾ?"

"ಮೇಲಿಂದ ಆರ್ಡರ್ ಆಗಿದೆ."

ಮೇಲಿನಿಂದ ಬಂದ ಆರ್ಡರ್ ಅಂದ ಮೇಲೆ ಪೇಂಟರ್ ಎರಡನೇ ಮಾತಾಡಲಿಲ್ಲ. ನನ್ನನ್ನು ಮಾತ್ರ ಭಾವ ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಮರ್ತೋಯ್ತು ಕಣೋ. ನಿನ್ನಕ್ಕಂಗೆ ಹೇಳ್ಬೇಡ" ಎಂದು ಬಾಯಿ ಬಿಟ್ಟರು. ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಅದೊಂದೇ ತಾರೀಖಿಗೆ ಜೇನುನೊಣದ ದಿನ, ಬೆನ್ನುಮೂಳೆಯ ದಿನ, ಎಡಗೈಯವರ ದಿನ, ಹಳೆ ಸ್ನೇಹಿತರ ದಿನ, ಮೆಟ್ಟಿಲು ಹತ್ತುವ ದಿನ, ಇನ್ನೂ ಏನೇನೋ ಇದ್ದವು. ಒಂದೊಂದು ಹೆಸರು ಓದಿದಾಗಲೂ ಭಾವ "ಹಾಂ, ಅದೇ!" ಎಂದರು.

"ಫೋನ್ ಮಾಡಿ ಕೇಳಿಬಿಡಿ ಭಾವ."

"ನಾನಾ? ಕೇಳೋದಾ?" ಅವರಿಗೆ ಆ ಯೋಚನೆಯೇ ಅಸಹ್ಯವಾಯಿತು. "ನೀನು ಮಾಡು. ಸಾರ್ವಜನಿಕರು ಅಂತ ಹೇಳ್ಕೋ."

ಸಾರ್ವಜನಿಕನಾಗಿ ನಾನೇ ಫೋನ್ ಮಾಡಿದೆ. ಹೇಳಿದ್ದ ಗುಮಾಸ್ತೆ ರಜೆಯ ಮೇಲೆ ಊರಿಗೆ ಹೊರಟಾಗಿತ್ತು. ಫೋನ್ ತೆಗೆದುಕೊಂಡವರು ಬಹಳ ವಿನಯದಿಂದ, "ಅದನ್ನೆಲ್ಲ ನಾವು ಇಟ್ಕೊಳ್ಳಲ್ಲ ಸಾರ್. ನಿಮ್ಮ ಸಭಾಂಗಣದಲ್ಲೇ ಒಬ್ರಿದ್ದಾರೆ, ಅವರಿಗೆ ಎಲ್ಲಾ ಬಾಯಿಪಾಠ. ಅವರನ್ನೇ ಕೇಳಿ" ಎಂದರು. ನಾನು ತಿರುಗಿ ಅವರನ್ನೇ ನೋಡಿದೆ. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು.

ಬೆಳಿಗ್ಗೆ ಬ್ಯಾನರ್ ಸಭಾಂಗಣದ ಮುಂದೆ ಏರಿತು. 'ವಿಶ್ವ', ಆಮೇಲೆ ಒಂದು ದೊಡ್ಡ ಬಿಳಿ ಬಯಲು, ಆಮೇಲೆ 'ದಿನಾಚರಣೆ'.

ಈಗ ನಡೆದದ್ದು ಕೇಳಿ. ವರ್ಷಗಟ್ಟಲೆ ಎಷ್ಟೋ ಬ್ಯಾನರುಗಳು ಅಲ್ಲಿ ತೂಗಿವೆ, ಒಬ್ಬನೂ ತಲೆ ಎತ್ತಿ ನೋಡಿರಲಿಲ್ಲ. ಇದರ ಕೆಳಗೆ ಮಾತ್ರ ಜನ ನಿಂತುಬಿಟ್ಟರು. ಮೊದಲು ನಿಂತವರು ನಮ್ಮ ಬೀದಿಯ ಹಲ್ಲಿನ ಡಾಕ್ಟರು. ಪಕ್ಕಕ್ಕೆ ಬಂದ ಕಟಿಂಗ್ ಶಾಪಿನವನು, "ಏನ್ ಡಾಕ್ಟ್ರೇ ಇದು?" ಎಂದ. ಓದಿದವರು ಗೊತ್ತಿಲ್ಲ ಅನ್ನುವುದು ಹೇಗೆ? "ಇದು ಗೊತ್ತಿಲ್ವಾ? ಪ್ರಪಂಚಾನೇ ಮಾಡ್ತಿದೆ" ಎಂದುಬಿಟ್ಟರು. ಡಾಕ್ಟರಿಗೆ ಗೊತ್ತಿದ್ದದ್ದು ತನಗೆ ಗೊತ್ತಿಲ್ಲವೆಂದು ಒಪ್ಪಲು ಅವನೂ ಸಿದ್ಧನಿರಲಿಲ್ಲ. "ಓ, ಇದಾ!" ಎಂದು ತಲೆಯಾಡಿಸಿ ಹೋಗಿ, ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರನ್ನೆಲ್ಲ "ಏನ್ರೀ, ಇವತ್ತು ಹೋಗಲ್ವಾ?" ಎಂದು ಕೇಳತೊಡಗಿದ. ನೊರೆಯೊಳಗಿನವರು ಹೋಗುವುದಾಗಿಯೇ ಹೇಳಿದರು. ಹೆಡ್‌ಮೇಷ್ಟ್ರು ಬ್ಯಾನರನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿ, "ನಮ್ಮ ಕಾಲದಲ್ಲಿ ಇದನ್ನ ಇನ್ನೂ ಚೆನ್ನಾಗಿ ಮಾಡ್ತಿದ್ರು" ಎಂದು ತೀರ್ಪು ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಗೊತ್ತಿಲ್ಲದವರೇ ಉಳಿಯಲಿಲ್ಲ. ಅದು ಏನೆಂದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಸಂಜೆ ಬ್ಯಾನರನ್ನು ಒಳಗೆ ತಂದು ವೇದಿಕೆಗೆ ಕಟ್ಟಿದರು. ಸಭಾಂಗಣ ತುಂಬಿತು. ತುಂಬಿತು ಅಂದರೆ ಸಾಲದು, ಕುರ್ಚಿ ಮುಗಿದು, ಬೆಂಚು ಮುಗಿದು, ಅಕ್ಕನ ಹೊಲಿಗೆ ಸ್ಟೂಲುಗಳೂ ಮುಗಿದು ಜನ ಕಿಟಕಿಯ ಮೇಲೆ ಹತ್ತಿ ಕೂತರು. ತಪ್ಪಿಸಿಕೊಂಡರೆ ತಮಗೊಬ್ಬರಿಗೇ ಗೊತ್ತಿರಲಿಲ್ಲ ಎಂದಾಗುತ್ತದಲ್ಲ ಎಂಬ ಹೆದರಿಕೆ. ಯಾವುದಕ್ಕೂ ಇರಲಿ ಎಂದು ಒಬ್ಬ ಗಿಡದ ಕುಂಡ ತಂದಿದ್ದ, ಒಬ್ಬ ರಕ್ತ ಕೊಡಲು ತೋಳು ಮಡಚಿಕೊಂಡೇ ಬಂದಿದ್ದ, ಇನ್ನೊಬ್ಬ ಕೈಯಲ್ಲಿ ಪೊರಕೆ ಹಿಡಿದಿದ್ದ. ಒಬ್ಬರು ಇನ್ನೊಬ್ಬರ ಕೈ ನೋಡಿ, ತಮ್ಮದನ್ನು ಕುರ್ಚಿಯ ಕೆಳಗೆ ಸರಿಸಿದರು.

ಮ್ಯಾನೇಜರಿಗೆ ಕಣ್ಣಲ್ಲಿ ನೀರು ಬಂತು. ಅವರು ಸ್ವಾಗತ ಭಾಷಣಕ್ಕೆ ನಿಂತು, "ಈ ದಿನದ ಮಹತ್ವ ನಿಮಗೆಲ್ಲ ಗೊತ್ತೇ ಇದೆ, ನಾನು ಬಿಡಿಸಿ ಹೇಳಬೇಕಾಗಿಲ್ಲ" ಎಂದರು. ಗೊತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದಿನದ ಹೆಸರನ್ನು ಅವರೂ ಕೇಳಿರಲಿಲ್ಲ. ಅದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಲು ಭಾವನಿಗೆ ಸಂಬಳ ಬರುತ್ತಿತ್ತಲ್ಲ.

ನಿರ್ದೇಶಕಿಯವರು ಬಿಳಿಕೂದಲಿನ, ಕಡಿಮೆ ಮಾತಿನ ಹೆಂಗಸು. ಬೆಳಗಿನಿಂದ ಬೇರೆ ಬೇರೆ ಕಡೆ ರಿಬ್ಬನ್ ಕತ್ತರಿಸಿ ದಣಿದು ಬಂದಿದ್ದರು. ಅವರ ಪಿ.ಎ. ವೇದಿಕೆಯ ಬ್ಯಾನರ್ ನೋಡಿ ಗಾಬರಿಯಾಗಿ ಭಾವನ ಕಿವಿಗೆ ಬಾಗಿದ.

"ಇವತ್ತು... ಅದೇ ಅಲ್ವಾ ಸಾರ್?"

"ಅದೇ" ಎಂದರು ಭಾವ.

"ನಾನೂ ಅದೇ ಅಂದ್ಕೊಂಡೆ" ಎಂದು ಪಿ.ಎ. ಹೋಗಿ ಮೇಡಂ ಕಿವಿಯಲ್ಲಿ "ಅದೇ ಮೇಡಂ" ಎಂದ. ಅವರು ತಲೆಯಾಡಿಸಿ ಮೈಕಿನ ಮುಂದೆ ಬಂದರು.

ಮೈಕಿನವನಾಗಿ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಅಂಥದ್ದು ಕೇಳಿಲ್ಲ. "ಇದು ಕೇವಲ ಒಂದು ದಿನದ ವಿಷಯವಲ್ಲ" ಎಂದರು. ಚಪ್ಪಾಳೆ. "ಇದನ್ನು ನಾವು ಮೊದಲು ನಮ್ಮ ಮನೆಯಿಂದಲೇ ಆರಂಭಿಸಬೇಕು." ಚಪ್ಪಾಳೆ. "ನಮ್ಮ ಹಿರಿಯರು ಇದನ್ನು ಹೇಗೆ ನೋಡುತ್ತಿದ್ದರು, ಇಂದು ನಾವು ಹೇಗೆ ನೋಡುತ್ತಿದ್ದೇವೆ ಎಂದು ಒಮ್ಮೆ ಎದೆ ಮುಟ್ಟಿಕೊಂಡು ಕೇಳಿಕೊಳ್ಳೋಣ." ಜನ ನಿಜವಾಗಿಯೂ ಎದೆ ಮುಟ್ಟಿಕೊಂಡರು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಮುಗಿಸಿದ್ದರೆ ಭಾವ ಗೆದ್ದಂತೆಯೇ ಇತ್ತು. ಆದರೆ ಮೇಡಂಗೆ ಹುರುಪು ಬಂದುಬಿಟ್ಟಿತ್ತು. "ಈಗ ನಿಮ್ಮ ಅನುಭವ ಕೇಳೋಣ. ಯಾರಾದರೂ ಬನ್ನಿ" ಎಂದರು. ಭಾವ ಕಂಬ ಹಿಡಿದುಕೊಂಡರು.

ಕಟಿಂಗ್ ಶಾಪಿನವನು ಮೈಕ್ ಕಂಡರೆ ಬಿಡುವವನಲ್ಲ. ಎದ್ದು ಬಂದು, "ನಾನು ಇದನ್ನ ಪೂರ್ತಿ ಬಿಟ್ಟುಬಿಟ್ಟಿದ್ದೀನಿ. ಬಿಟ್ಟ ಮೇಲೆ ಮೈ ಹಗುರ ಆಗಿದೆ" ಎಂದ.

ಹೆಡ್‌ಮೇಷ್ಟ್ರು ಕೂತಲ್ಲಿಂದಲೇ ಗುಡುಗಿದರು. "ಬಿಡೋದಾ? ಎಲ್ಲಾದ್ರೂ ಉಂಟೇನಯ್ಯಾ! ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಮಾಡ್ತೀನಿ, ಖಾಲಿ ಹೊಟ್ಟೇಲಿ."

"ಖಾಲಿ ಹೊಟ್ಟೇಲಿ ಮಾಡ್ಬಾರ್ದು ಮೇಷ್ಟ್ರೇ, ವಸಡಿಗೆ ಒಳ್ಳೇದಲ್ಲ" ಎಂದರು ಹಲ್ಲಿನ ಡಾಕ್ಟರು.

"ಮಕ್ಕಳ ಎದುರು ಮಾಡೋದು ಸರಿಯಾ ಮೊದ್ಲು ಅದು ಹೇಳಿ" ಎಂದು ಹಿಂದಿನಿಂದ ಯಾರೋ.

"ಮಕ್ಕಳಿಗೆ ಕಲಿಸ್ಬೇಕು ಅಂತ ಮೇಡಮ್ಮೇ ಹೇಳಿದ್ರಲ್ರೀ!"

ಸಭೆ ಎರಡು ಹೋಳಾಯಿತು. ಬಿಡಬೇಕು ಎನ್ನುವವರು ಎಡಗಡೆ, ಮಾಡಬೇಕು ಎನ್ನುವವರು ಬಲಗಡೆ. ಕುಂಡ ತಂದವನು ಅದನ್ನು ಎತ್ತಿ ತೋರಿಸಿ ಏನೋ ಕೂಗಿದ. ಪೊರಕೆಯವನೂ ಎದ್ದ. ಮ್ಯಾನೇಜರು ಕಣ್ಣು ಮುಚ್ಚಿಕೊಂಡು, ಆಗಲೇ ಮುರಿದ ಮೇಜುಗಳನ್ನು ಎಲ್ಲೆಲ್ಲಿ ಪೇರಿಸುವುದೆಂದು ಲೆಕ್ಕ ಹಾಕುತ್ತಿದ್ದಂತೆ ಕಂಡರು. ನಿರ್ದೇಶಕಿಯವರ ಹುಬ್ಬು ಮೇಲೇರಿತು.

ಆಗ ಹೊಲಿಗೆ ಕೋಣೆಯ ಬಾಗಿಲಲ್ಲಿ ಅಕ್ಕ ಎದ್ದು ನಿಂತಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅವಳಿಗೆ ಮೈಕು ಬೇಕಾಗುವುದಿಲ್ಲ.

"ನಂಗೆ ಇವತ್ತು ಯಾವ ದಿನ ಅಂತ ಗೊತ್ತಿಲ್ಲ" ಎಂದಳು. "ಗೊತ್ತಿರೋರು ಯಾರಾದ್ರೂ ಕೈ ಎತ್ತಿ. ತಿಳ್ಕೊಂಡು ನಾನೂ ಜಗಳಕ್ಕೆ ಬರ್ತೀನಿ."

ಹೆಡ್‌ಮೇಷ್ಟ್ರು ಡಾಕ್ಟರನ್ನು ನೋಡಿದರು. ಡಾಕ್ಟರು ಕಟಿಂಗ್ ಶಾಪಿನವನನ್ನು ನೋಡಿದರು. ಅವನು ಪಿ.ಎ.ಯನ್ನು, ಪಿ.ಎ. ಬ್ಯಾನರನ್ನು. ಒಂದು ಕೈಯೂ ಏಳಲಿಲ್ಲ. ಎಲ್ಲರ ನೋಟವೂ ಸುತ್ತಿ ಬಳಸಿ ಕಂಬ ಹಿಡಿದು ನಿಂತಿದ್ದ ಭಾವನ ಮೇಲೆ ಬಂದು ನಿಂತಿತು.

ಭಾವ ಕಂಬ ಬಿಟ್ಟರು. ಮೈಕಿಗೆ ಬಂದರು. ನನ್ನ ಭಾವ ಜಂಬದವರು ನಿಜ, ಆದರೆ ಹೆಂಡತಿ ಒಬ್ಬಳೇ ನಿಂತಿರುವಾಗ ಮರೆಯಲ್ಲಿ ನಿಲ್ಲುವವರಲ್ಲ. ಅವತ್ತು ನನಗೆ ಅವರ ಮೇಲೆ ನಿಜವಾಗಿ ಹೆಮ್ಮೆ ಉಕ್ಕಿತು.

"ನಂಗೂ ಗೊತ್ತಿಲ್ಲ" ಎಂದರು. "ಫೋನಲ್ಲಿ ಹೇಳಿದ್ರು, ನಾನು ಮರೆತೆ. ಕೇಳೋಕೆ ನಾಚಿಕೆ ಆಯ್ತು. ಅದಕ್ಕೆ ಜಾಗ ಬಿಡಿಸಿದೆ. ಮೇಲಿಂದ ಆರ್ಡರ್ ಏನೂ ಬಂದಿಲ್ಲ. ತಪ್ಪು ನಂದು. ಶಿಕ್ಷೆ ಕೊಡೋದಾದ್ರೆ ನಂಗೆ ಕೊಡಿ ಮೇಡಂ, ಇವಳ ಮಿಷನ್‌ಗಳನ್ನ ಮುಟ್ಬೇಡಿ."

ನನ್ನ ಆಂಪ್ಲಿಫೈಯರ್ ಗುಂಯ್ ಎಂದಿತು, ಅದಕ್ಕೊಂದು ಗುದ್ದು ಕೊಟ್ಟೆ. ಎಲ್ಲರೂ ನಿರ್ದೇಶಕಿಯವರನ್ನು ನೋಡಿದರು. ಅವರು ನಿಧಾನವಾಗಿ ಎದ್ದು, ಭಾವನ ಕೈಯಿಂದ ಮೈಕ್ ತೆಗೆದುಕೊಂಡರು.

"ನನಗೂ ಗೊತ್ತಿಲ್ಲ" ಎಂದರು.

ಪಿ.ಎ.ಗೆ ಕೆಮ್ಮು ಬಂತು.

"ನಿಜ ಹೇಳಬೇಕು ಅಂದ್ರೆ, ಎಷ್ಟೋ ವರ್ಷದಿಂದ ಗೊತ್ತಿಲ್ಲ. ಈಗ ಮಾಡಿದೆನಲ್ಲ, ಆ ಭಾಷಣ ನಾನು ಎಲ್ಲಾ ದಿನಕ್ಕೂ ಮಾಡ್ತೀನಿ. ಹಲ್ಲಿಗೂ ಅದೇ, ಹುಲಿಗೂ ಅದೇ. ಇವತ್ತಿನವರೆಗೆ ಒಬ್ಬರೂ ಕೈ ಎತ್ತಿ ಕೇಳಿಲ್ಲ." ಅವರು ಅಕ್ಕನ ಕಡೆ ತಿರುಗಿ ಮನಸಾರೆ ನಕ್ಕರು. "ನಿಮ್ಮಿಂದ ನನಗೆ ಒಂದು ಭಾರ ಇಳೀತಮ್ಮ."

ಮೊದಲು ನಕ್ಕವನು ಪೊರಕೆಯವನು. ಆಮೇಲೆ ಯಾರು ಯಾರು ಎಂದು ಹೇಳಲಾರೆ. ಕಿಟಕಿಯ ಮೇಲಿದ್ದವರು ಬೀಳದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಆ ಸಭಾಂಗಣ ಕಟ್ಟಿದಾಗಿನಿಂದ ಅದರ ಗೋಡೆಗಳು ಅಂಥ ಸದ್ದು ಕೇಳಿರಲಿಲ್ಲ.

ನಗು ಇಳಿಯುವ ಮುಂಚೆಯೇ ಕಟಿಂಗ್ ಶಾಪಿನವನು ಮತ್ತೆ ಮೈಕಿಗೆ ಬಂದ. "ಅಣ್ಣಂದಿರಾ, ನಾನು ಏನೂ ಬಿಟ್ಟಿಲ್ಲ. ಏನು ಬಿಡ್ಬೇಕು ಅಂತಾನೂ ಗೊತ್ತಿಲ್ಲ. ಇನ್ನೊಂದು ಹೇಳಿಬಿಡ್ತೀನಿ. ಫೋಟೋ ತಂದು ಹೀಗೇ ಕಟಿಂಗ್ ಮಾಡು ಅಂತೀರಲ್ಲ, ನಂಗೆ ಬರೋದು ಒಂದೇ ಕಟಿಂಗು. ಎಲ್ಲರಿಗೂ ಅದನ್ನೇ ಮಾಡ್ತೀನಿ."

ಗಂಡಸರೆಲ್ಲ ಒಬ್ಬರ ತಲೆ ಒಬ್ಬರು ನೋಡಿಕೊಂಡರು. ಹೌದಾಗಿತ್ತು.

ಆಮೇಲೆ ಸಾಲು ಹತ್ತಿತು. ಹಲ್ಲಿನ ಡಾಕ್ಟರು ತಮಗೆ ಹಲ್ಲು ಕೀಳಿಸಿಕೊಳ್ಳಲು ಹೆದರಿಕೆಯೆಂದೂ, ದವಡೆಯಲ್ಲೊಂದು ಹುಳುಕನ್ನು ಎಷ್ಟೋ ಕಾಲದಿಂದ ಸಾಕಿಕೊಂಡಿರುವುದಾಗಿಯೂ ಹೇಳಿದರು. ಮ್ಯಾನೇಜರು ತಮ್ಮ ಟೈ ಕಟ್ಟುವುದು ಹೆಂಡತಿ ಎಂದರು. ನಾನೂ ಎದ್ದು, ಆಂಪ್ಲಿಫೈಯರ್ ಗುಂಯ್ ಅಂದರೆ ಒಂದು ಗುದ್ದು ಕೊಡುವುದಲ್ಲದೆ ಅದರೊಳಗೆ ಏನಿದೆಯೋ ನನಗೆ ತಿಳಿಯದು ಎಂದು ಒಪ್ಪಿಕೊಂಡೆ. ಅದಕ್ಕೂ ಚಪ್ಪಾಳೆ ಬಿತ್ತು. ನನ್ನ ಕಸುಬಿನಲ್ಲಿ ಚಪ್ಪಾಳೆಯನ್ನು ಜೋರು ಮಾಡಿದ್ದೇನೆಯೇ ಹೊರತು ಪಡೆದದ್ದು ಅದೇ ಮೊದಲು.

ಕೊನೆಗೆ ಹೆಡ್‌ಮೇಷ್ಟ್ರು ಬಂದರು. ಮೈಕನ್ನು ತೀರಾ ಬಾಯಿಗೆ ತಂದುಕೊಂಡು, ಬಹಳ ಸಣ್ಣ ದನಿಯಲ್ಲಿ, "ನಂಗೆ ಸೈಕಲ್ ಹೊಡೆಯೋಕೆ ಬರಲ್ಲ" ಎಂದರು.

ಯಾರೂ ನಂಬಲಿಲ್ಲ. ಮೇಷ್ಟ್ರು ಸೈಕಲ್ ಇಲ್ಲದೆ ಹೊರಬಿದ್ದದ್ದನ್ನು ಬೀದಿ ಕಂಡೇ ಇರಲಿಲ್ಲ.

"ತಳ್ಕೊಂಡೇ ಓಡಾಡಿದ್ದೀನಪ್ಪಾ. ಯಾರಾದ್ರೂ ಕೇಳಿದ್ರೆ ಪಂಕ್ಚರ್ ಅಂತಿದ್ದೆ. ಕೆಲಸಕ್ಕೆ ಸೇರಿದ ಮೊದಲ್ನೇ ದಿನದಿಂದ ಅದು ಪಂಕ್ಚರ್."

ಆಗ ಇಡೀ ಸಭೆ ಎದ್ದು ನಿಂತಿತು. ಅವರ ಶಿಷ್ಯರೇ ಅರ್ಧ ಜನ ಅಲ್ಲಿದ್ದರು. ನಿರ್ದೇಶಕಿಯವರು ಮ್ಯಾನೇಜರ ಕಡೆ ತಿರುಗಿ, "ಇದನ್ನ ಗೋದಾಮು ಮಾಡೋ ಮಾತು ಇನ್ಮೇಲೆ ಯಾರೂ ಎತ್ತಬಾರದು. ಹೊಲಿಗೆ ಕೋಣೆಗೆ ಇನ್ನೊಂದು ಕಿಟಕಿ ಇಡಿಸಿ, ಬೆಳಕು ಸಾಲದು" ಎಂದರು. ಅಕ್ಕ ಅಳತೆ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಭಾವ ಅವಳನ್ನೇ ನೋಡುತ್ತಾ, ತಮಗೇ ಬಹುಮಾನ ಬಂದವರಂತೆ ಬೀಗುತ್ತಾ ನಿಂತಿದ್ದರು.

"ಇದನ್ನ ವರ್ಷಾ ವರ್ಷಾ ಮಾಡ್ಬೇಕು" ಎಂದು ಯಾರೋ ಕೂಗಿದರು. ಪೇಂಟರ್ ಅಷ್ಟರಲ್ಲಿ ಏಣಿ ಹತ್ತಿಯಾಗಿತ್ತು. ಈ ಸಲ ಯಾರನ್ನೂ ಕೇಳಲಿಲ್ಲ. ಬಿಳಿ ಬಯಲಿನಲ್ಲಿ ಕೆಂಪು ಅಕ್ಷರದಲ್ಲಿ 'ಗೊತ್ತಿಲ್ಲ' ಎಂದು ಬರೆದು ಕೆಳಗಿಳಿದ. ವಿಶ್ವ ಗೊತ್ತಿಲ್ಲ ದಿನಾಚರಣೆ. ಓದಿದವರೆಲ್ಲ ತಮ್ಮ ಮನೆಯ ಶುಭಕಾರ್ಯವೆಂಬಂತೆ ಹಿಗ್ಗಿದರು.

ಸಭೆ ಅಂಗಳಕ್ಕೆ ಹರಿಯಿತು. ಮೇಷ್ಟ್ರನ್ನು ಸೈಕಲ್ಲಿನ ಮೇಲೆ ಕೂರಿಸಿದರು. ಹಿಂದಿನಿಂದ ಸೀಟು ಹಿಡಿದವರು ಭಾವ, ಅವರನ್ನು ಹಿಡಿದವನು ಕಟಿಂಗ್ ಶಾಪಿನವನು, ಅವನನ್ನು ಹಿಡಿದವರು ಡಾಕ್ಟರು. "ನೇರ ನೋಡಿ ಮೇಷ್ಟ್ರೇ! ತುಳೀರಿ, ತುಳೀರಿ!" ಎಂದು ಶಿಷ್ಯರೆಲ್ಲ ಹೇಳಿಕೊಟ್ಟರು. ಒಂದು ಸುತ್ತು ವಾಲಾಡಿದರು, ಎರಡನೆಯ ಸುತ್ತಿಗೆ ಭಾವ ಮೆಲ್ಲನೆ ಕೈ ಬಿಟ್ಟರು. ಮೇಷ್ಟ್ರು ತಾವಾಗಿಯೇ ಗೇಟು ದಾಟಿ, ಬೀದಿಗಿಳಿದು, ಕನ್ನಡಕ ಹೊಳೆಯಿಸುತ್ತಾ ಹೊರಟೇಬಿಟ್ಟರು. ಹಿಂದೆ ಇಡೀ ಬೀದಿ ಕೇಕೆ ಹಾಕಿಕೊಂಡು ಓಡಿತು. ನಿರ್ದೇಶಕಿಯವರೂ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು.

"ಬರ್ತಾ ಇದೆ! ಬರ್ತಾ ಇದೆ ಕಣ್ರೋ!" ಎಂದು ಮೇಷ್ಟ್ರು ಕೂಗಿದರು. ಮುಂದೆ ಇಳಿಜಾರು ಕಂಡಿತು. ಅವರ ದನಿ ಬದಲಾಯಿತು.

"ಲೋ, ಇದನ್ನ ನಿಲ್ಲಿಸೋದು ಹೇಗ್ರೋ?"

ಅಕ್ಕ, ಭಾವ, ಡಾಕ್ಟರು, ಮ್ಯಾನೇಜರು, ನಿರ್ದೇಶಕಿಯವರು, ಕುಂಡದವನು, ಪೊರಕೆಯವನು, ಇಡೀ ಬೀದಿ ಒಂದೇ ಉಸಿರಿಗೆ, ನನ್ನ ಮೈಕಿನ ಹಂಗೇ ಇಲ್ಲದೆ, ಹೆಮ್ಮೆಯಿಂದ ಕೂಗಿ ಹೇಳಿತು:

"ಗೊತ್ತಿಲ್ಲಾ!"